ಏಳು ಸಾಲಿನ ಲಿಂಕಿನಲ್ಲಿ ಚೌಡಪ್ಪನ ಭಾನುವಾರ

ಲೋಕೋ ಪೈಲಟ್, ಅಂದರೆ ರೈಲು ಡ್ರೈವರ್ ಕೆಲಸಕ್ಕೆ ಹೊಸದಾಗಿ ಆಯ್ಕೆಯಾದವರು ಆಗಾಗ ನನ್ನನ್ನು ಹುಡುಕಿಕೊಂಡು ವೇಮಗಲ್ಲಿಗೆ ಬರುತ್ತಾರೆ. ಟ್ರೈನಿಂಗ್ ಹೇಗಿರುತ್ತದೆ, ಕಣ್ಣಿನ ಪರೀಕ್ಷೆ ಎಷ್ಟು ಕಷ್ಟ ಎಂದೆಲ್ಲ ಸುತ್ತಿ ಬಳಸಿ ಕೇಳಿ, ಟೀ ಲೋಟ ಕೆಳಗಿಟ್ಟ ಮೇಲೆ ನಿಜವಾದ ಪ್ರಶ್ನೆಗೆ ಬರುತ್ತಾರೆ. "ಸಾರ್, ಭಾನುವಾರ ರಜಾ ಇರ್ತದಾ?" ಮೊದಲೆಲ್ಲ ಸಿಡುಕುತ್ತಿದ್ದೆ. "ಭಾನುವಾರ ಬೇಕಿದ್ರೆ ಬ್ಯಾಂಕಿಗೆ ಹೋಗ್ರಯ್ಯ, ಎಂಜಿನ್ನಿಗೆ ಯಾಕೆ ಬರ್ತೀರಾ" ಅನ್ನುತ್ತಿದ್ದೆ. ಈಗ ಹಾಗನ್ನುವುದಿಲ್ಲ. ಅದಕ್ಕೊಂದು ಕಾರಣವಿದೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಬರೆಯಲು ಒಪ್ಪಿಗೆ ಕೊಡಬೇಕಾದವನು ಒಪ್ಪಿಗೆ ಕೊಟ್ಟಿದ್ದಾನೆ.

ಮೊದಲು ನಮ್ಮ ವಾರ ಎಂಥದು ಅಂತ ತಿಳಿದುಕೊಳ್ಳಿ. ಬೇರೆಯವರ ವಾರ ಸೋಮವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. ನಮ್ಮದಕ್ಕೆ ಶುರುವೂ ಇಲ್ಲ, ಕೊನೆಯೂ ಇಲ್ಲ. ವಾರದ ರಜೆಯನ್ನು ನಮಗೆ ದಿನದ ಲೆಕ್ಕದಲ್ಲಿ ಕೊಡುವುದಿಲ್ಲ, ಗಂಟೆಯ ಲೆಕ್ಕದಲ್ಲಿ ಕೊಡುತ್ತಾರೆ. ಮೂವತ್ತು ಗಂಟೆ ರೆಸ್ಟ್ ಅಂದರೆ ಅದು ಬುಧವಾರ ಮಧ್ಯಾಹ್ನಕ್ಕೆ ಶುರುವಾಗಿ ಗುರುವಾರ ಸಂಜೆಗೆ ಮುಗಿಯಬಹುದು. ಆ ಹೊತ್ತಿಗೆ ನಿಮ್ಮ ಹೆಂಡತಿ ಕೆಲಸಕ್ಕೆ ಹೋಗಿರುತ್ತಾಳೆ, ಮಕ್ಕಳು ಸ್ಕೂಲಿಗೆ ಹೋಗಿರುತ್ತಾರೆ, ನಿಮಗೆ ಸಿಗುವುದು ಮನೆಯ ಬೀಗದ ಕೈ.

ಕೆಲವು ವರ್ಷ ಹೀಗೆ ದುಡಿದರೆ ವಾರದ ಹೆಸರುಗಳೇ ತಲೆಯಿಂದ ಉದುರಿಹೋಗುತ್ತವೆ. ನಮ್ಮಪ್ಪನ ಜಮೀನಿನ ಪಹಣಿ ತಿದ್ದಿಸಲು ನಾನು ಕೋಲಾರದ ತಾಲ್ಲೂಕು ಕಚೇರಿಗೆ ಮೂರು ಸಲ ಹೋದೆ. ಮೂರು ಸಲವೂ ಬಾಗಿಲಿಗೆ ಬೀಗ. ಮೂರನೆಯ ಸಲ ಸಿಟ್ಟು ನೆತ್ತಿಗೇರಿ, ಸರ್ಕಾರಿ ನೌಕರರ ವಂಶವನ್ನೆಲ್ಲ ಬೈದೆ. ಎದುರಿನ ಜೆರಾಕ್ಸ್ ಅಂಗಡಿಯವನು ಶಟರ್ ಅರ್ಧ ಎತ್ತಿ, "ಏನ್ ಯಜಮಾನ್ರೇ, ಪ್ರತಿ ಸಲಾನೂ ಭಾನುವಾರಾನೇ ಬರ್ತೀರಲ್ಲ, ಹರಕೆನಾ?" ಅಂದ. ನಾನೂ ಒಬ್ಬ ಸರ್ಕಾರಿ ನೌಕರನೇ ಎಂದು ಅವನಿಗೆ ಹೇಳಲಿಲ್ಲ. ಇಂಥ ತಪ್ಪು ಮಾಡದ ಡ್ರೈವರ್ ನಮ್ಮ ಲಾಬಿಯಲ್ಲಿ ಒಬ್ಬನೂ ಇರಲಿಲ್ಲ.

ಲಾಬಿ ಅಂದರೆ ಜಂಕ್ಷನ್ನಿನಲ್ಲಿ ನಾವು ಡ್ಯೂಟಿಗೆ ಹಾಜರಾಗುವ ಜಾಗ. ನಾನು ಸೇರಿದಾಗ ಕಾಲ್ ಬುಕ್ ಹಿಡಿದುಕೊಂಡು ಒಬ್ಬ ಮನುಷ್ಯ ಸೈಕಲ್ಲಿನಲ್ಲಿ ಮನೆಮನೆಗೆ ಬರುತ್ತಿದ್ದ. ಅದರಲ್ಲಿ ಸಹಿ ಹಾಕಿದರೆ ಎರಡು ಗಂಟೆಯಲ್ಲಿ ಡ್ಯೂಟಿ. ನಾವು ಅವನ ಬೆಲ್ ಸದ್ದು ಕೇಳಿಸಿದರೆ ಹಿತ್ತಿಲಿಗೆ ಓಡಿ, ಹೆಂಡತಿಯ ಕೈಲಿ "ಊರಿಗೆ ಹೋಗವ್ರೆ" ಅನ್ನಿಸುತ್ತಿದ್ದೆವು. ಅವನಿಗೂ ಗೊತ್ತಿರುತ್ತಿತ್ತು. "ಊರಿಂದ ಬಂದ ಮ್ಯಾಲೆ ಸೈನ್ ಮಾಡೋಕೇಳಮ್ಮ, ನಾನು ಇಲ್ಲೇ ಕೂತಿರ್ತೀನಿ" ಎಂದು ಜಗಲಿಯ ಮೇಲೆ ಕೂರುತ್ತಿದ್ದ. ಆಮೇಲೆ ಫೋನ್ ಬಂತು, ಆಮೇಲೆ ಕಂಪ್ಯೂಟರ್ ಬಂತು. ಈಗ ಮೊಬೈಲಿಗೇ ಮೆಸೇಜ್ ಬರುತ್ತದೆ. ಮೆಸೇಜಿನ ಮುಂದೆ ಹಿತ್ತಿಲಿಗೆ ಓಡಿ ಪ್ರಯೋಜನವಿಲ್ಲ.

ನಾನು ಮೊದಲ ಹದಿನೆಂಟು ವರ್ಷ ಗೂಡ್ಸ್ ಗಾಡಿ ಓಡಿಸಿದೆ. ಆಗ ನಮಗೊಬ್ಬ ಇನ್ಸ್‌ಪೆಕ್ಟರ್ ಇದ್ದರು. ಕೆಲಸದಲ್ಲಿ ದೊಡ್ಡವರು, ಬಾಯಿ ಮಾತ್ರ ಕೆಟ್ಟದ್ದು. ಯಾರಾದರೂ ಭಾನುವಾರ ಬಿಡಿ ಎಂದರೆ, "ಎಂಜಿನ್ಗೆ ಗೊತ್ತೇನ್ರೀ ಭಾನುವಾರ? ಅದಕ್ಕಿಲ್ಲದ್ದು ನಿಮಗ್ಯಾಕೆ?" ಎನ್ನುತ್ತಿದ್ದರು. ನನ್ನನ್ನು ನೋಡಲು ಹೆಣ್ಣಿನ ಕಡೆಯವರು ಮುಳಬಾಗಿಲಿನಿಂದ ಎರಡು ಭಾನುವಾರ ಬಂದು, ಎರಡು ಸಲವೂ ಗೋಡೆಯ ಮೇಲಿನ ನನ್ನ ಫೋಟೋ ನೋಡಿ ಉಪ್ಪಿಟ್ಟು ತಿಂದು ಹೋದರು. "ಫೋಟೋನೇ ಕಟ್ಕೊಂಡಿದ್ರೆ ಚೆನ್ನಾಗಿತ್ತು, ಅದು ಮನೇಲಾದ್ರೂ ಇರ್ತಿತ್ತು" ಎಂದು ನನ್ನ ಹೆಂಡತಿ ಇವತ್ತಿಗೂ ಅನ್ನುತ್ತಾಳೆ.

ಆ ದಿನಗಳಲ್ಲಿ ನಮ್ಮ ಹೊಟ್ಟೆ ಉರಿಸುತ್ತಿದ್ದವರೆಂದರೆ ಷಟಲ್ ಡ್ರೈವರ್‌ಗಳು. ಜಂಕ್ಷನ್ನಿನಿಂದ ಒಂದು ಕಡೆ ಮಾಲೂರಿಗೆ, ಇನ್ನೊಂದು ಕಡೆ ಕೋಲಾರ, ಶ್ರೀನಿವಾಸಪುರಕ್ಕೆ ಓಡುವ ಷಟಲ್ ಗಾಡಿಗಳು ಭಾನುವಾರ ಓಡುತ್ತಿರಲಿಲ್ಲ. ಟೈಮ್ ಟೇಬಲ್ಲಿನಲ್ಲೇ 'ಭಾನುವಾರ ಇಲ್ಲ' ಎಂದು ಬರೆದಿರುತ್ತಿತ್ತು. ಗಾಡಿ ಇಲ್ಲದಿದ್ದರೆ ಡ್ರೈವರಿಗೂ ಡ್ಯೂಟಿ ಇಲ್ಲ. ಇಡೀ ಲಾಬಿಯಲ್ಲಿ ಮನುಷ್ಯರ ಹಾಗೆ ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಕೂರುವ ಭಾಗ್ಯ ಆ ಆರು ಜನರಿಗೆ ಮಾತ್ರ ಇತ್ತು. ಸರ್ವೀಸಿನಲ್ಲಿ ಹಿರಿಯರಾದವರಿಗೆ ಆ ಜಾಗ ಸಿಗುತ್ತಿತ್ತು, ಸಿಕ್ಕವರು ರಿಟೈರ್ ಆಗುವವರೆಗೂ ಬಿಡುತ್ತಿರಲಿಲ್ಲ. ಅನ್ಯಾಯ ಅನ್ನುವುದನ್ನು ನಾನು ಅಲ್ಲಿ ಕಲಿತೆ, ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡೆ.

ಆ ಆರು ಜನರಲ್ಲಿ ಒಬ್ಬ ಚೌಡಪ್ಪ. ನನಗಿಂತ ಮೂರು ವರ್ಷ ಚಿಕ್ಕವನು, ಶ್ರೀನಿವಾಸಪುರದ ಕಡೆಯವನು. ಸರ್ವೀಸಿನಲ್ಲಿ ಅಂಥ ಹಿರಿಯನೇನಲ್ಲ. ಆದರೂ ಷಟಲ್ಲಿಗೆ ಹೇಗೆ ಸೇರಿಕೊಂಡ ಅಂದರೆ, ತನ್ನ ಮುಂದಿದ್ದವರನ್ನೆಲ್ಲ ಒಬ್ಬೊಬ್ಬರನ್ನೇ ಕೇಳಿಕೊಂಡು, ಅದಕ್ಕೆ ಬದಲಾಗಿ ಅವರ ಹಬ್ಬದ ಡ್ಯೂಟಿಯನ್ನೆಲ್ಲ ತಾನು ಹೊತ್ತುಕೊಂಡ. ನಮ್ಮಲ್ಲಿ ಅದೊಂದು ಒಳ ಒಪ್ಪಂದ ನಡೆಯುತ್ತಿತ್ತು, ಅದಲುಬದಲು ಅನ್ನುತ್ತಿದ್ದೆವು. ಚೀಟಿಯಲ್ಲಿ ಇಬ್ಬರೂ ಸಹಿ ಹಾಕಿ ಲಾಬಿಯಲ್ಲಿ ಕೊಟ್ಟರೆ ಮುಗಿಯಿತು. ಯುಗಾದಿ, ಗೌರಿ ಗಣೇಶ, ದೀಪಾವಳಿ, ಯಾವುದೇ ಹಬ್ಬ ಬರಲಿ, ಚೌಡಪ್ಪ ಎಂಜಿನ್ನಿನಲ್ಲಿರುತ್ತಿದ್ದ. ಭಾನುವಾರ ಮಾತ್ರ ಅವನನ್ನು ಕರೆಯುವ ಹಾಗಿರಲಿಲ್ಲ.

ಭಾನುವಾರ ಅವನು ಎಲ್ಲಿಗೆ ಹೋಗುತ್ತಾನೆ ಎಂಬುದು ಲಾಬಿಗೆಲ್ಲ ಗೊತ್ತು ಎಂದು ಲಾಬಿ ಅಂದುಕೊಂಡಿತ್ತು. ಯಾರೋ ಅವನನ್ನು ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಸ್ಟೀಲ್ ಡಬ್ಬಿ, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ. ಮುಳಬಾಗಿಲಿನ ಬಸ್ ಹತ್ತಿದ. ಇನ್ನೊಬ್ಬರು ಇನ್ನೊಂದು ಭಾನುವಾರ ನೋಡಿದರು, ಅದೇ ಡಬ್ಬಿ, ಅದೇ ಮಲ್ಲಿಗೆ. ಕ್ವಾರ್ಟರ್ಸಿನಲ್ಲಿ ಅವನ ಹೆಂಡತಿಯನ್ನು ಯಾರೂ ನೋಡಿರಲಿಲ್ಲ. ಒಬ್ಬಳೇ ಮಗಳನ್ನು ಅವನ ತಾಯಿ ಸಾಕಿದಳು. ಹೆಂಡತಿ ತೀರಿಕೊಂಡಿದ್ದಾಳೆ ಎಂದು ಕೆಲವರು, ಬಿಟ್ಟುಹೋಗಿದ್ದಾಳೆ ಎಂದು ಕೆಲವರು. ಮುಳಬಾಗಿಲಿನಲ್ಲಿ ಇನ್ನೊಂದು ಮನೆ ಇದೆ ಎನ್ನುವುದನ್ನು ಮಾತ್ರ ಎಲ್ಲರೂ ಒಪ್ಪಿದ್ದರು. ನಾನೂ ಒಪ್ಪಿದ್ದೆ. ಯಾರ ಬಾಯಿಂದ ಬಂದ ಮಾತೆಂದು ಒಂದು ದಿನವೂ ಕೇಳಲಿಲ್ಲ.

ನನ್ನ ಕಣ್ಣಿಗೆ ಪೊರೆ ಬಂದು, ಎಂಜಿನ್ನಿನಿಂದ ಇಳಿಸಿ, ಲಾಬಿಯಲ್ಲಿ ಕುರ್ಚಿ ಕೊಟ್ಟರು. ಲಿಂಕ್ ಬರೆಯುವ ಕೆಲಸ ನನ್ನದಾಯಿತು. ಯಾವ ಡ್ರೈವರ್ ಯಾವ ದಿನ ಯಾವ ಗಾಡಿ ಓಡಿಸಬೇಕು, ಎಲ್ಲಿ ತಂಗಬೇಕು, ಯಾವಾಗ ರೆಸ್ಟ್ ಎಂದು ಸಾಲು ಸಾಲಾಗಿ ಬರೆದ ಪಟ್ಟಿಗೆ ನಾವು ಲಿಂಕ್ ಅನ್ನುತ್ತೇವೆ. ಒಬ್ಬ ಡ್ರೈವರಿನ ಊಟ, ನಿದ್ದೆ, ಸಂಸಾರ ಎಲ್ಲ ಆ ಪಟ್ಟಿಯಲ್ಲಿರುತ್ತದೆ. ಬರೆಯುವವನಿಗೆ ಅಲ್ಲಿ ಕಾಣುವುದು ಗಾಡಿಯ ನಂಬರು ಮತ್ತು ಗಂಟೆ ಮಾತ್ರ.

ನಾನು ಕುರ್ಚಿಯಲ್ಲಿ ಕೂತ ಎರಡನೆಯ ವರ್ಷ ಷಟಲ್ ಗಾಡಿಗಳನ್ನು ಭಾನುವಾರವೂ ಓಡಿಸಬೇಕೆಂದು ಆದೇಶ ಬಂತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಫ್ಯಾಕ್ಟರಿಗಳಲ್ಲಿ ಭಾನುವಾರವೂ ಶಿಫ್ಟ್ ನಡೆಯುತ್ತಿತ್ತು, ಕೋಲಾರದ ಟೊಮೆಟೊ ಮಂಡಿಗೆ ಬರುವ ಹಮಾಲಿಗಳಿಗೆ ಭಾನುವಾರ ಅನ್ನುವುದೇ ಇಲ್ಲ. ಆ ಜನ ವರ್ಷಗಟ್ಟಲೆ ಅರ್ಜಿ ಹಾಕಿ ಗಾಡಿ ಕೇಳಿದ್ದರು. ಆದೇಶದ ಜೊತೆ, ಇನ್ನು ಮೇಲೆ ಭಾನುವಾರವನ್ನು ಮಾಮೂಲಿ ಕೆಲಸದ ದಿನವೆಂದೇ ಲಿಂಕಿನಲ್ಲಿ ಸೇರಿಸಬೇಕು, ಚೀಟಿಯ ಅದಲುಬದಲು ನಿಲ್ಲಬೇಕು, ಎಲ್ಲವೂ ಕಂಪ್ಯೂಟರಿನಲ್ಲೇ ಆಗಬೇಕು ಎಂದಿತ್ತು. ಹೇಗೆ ಸೇರಿಸಬೇಕು ಎನ್ನುವುದನ್ನು ನನಗೆ ಬಿಟ್ಟಿದ್ದರು.

ನಾನು ಬಹಳ ಉತ್ಸಾಹದಿಂದ ಕೂತೆ. ಇದ್ದ ಆರು ಜನರ ಜೊತೆ ಇನ್ನೊಬ್ಬನನ್ನು ಸೇರಿಸಿಕೊಂಡು ಏಳು ದಿನ, ಏಳು ಡ್ರೈವರ್, ಏಳು ಸಾಲು. ಈ ವಾರ ಒಬ್ಬನಿಗೆ ಸೋಮವಾರ ರೆಸ್ಟ್ ಬಂದರೆ ಮುಂದಿನ ವಾರ ಮಂಗಳವಾರ, ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಏಳನೆಯ ವಾರಕ್ಕೆ ಎಲ್ಲರಿಗೂ ಒಂದೊಂದು ಭಾನುವಾರ. ಹಿರಿಯ ಎಂದು ಹೆಚ್ಚಿಲ್ಲ, ಕಿರಿಯ ಎಂದು ಕಡಿಮೆಯಿಲ್ಲ. ಹದಿನೆಂಟು ವರ್ಷ ನನಗೆ ಆದ ಅನ್ಯಾಯವನ್ನು ಒಂದು ಹಾಳೆಯಲ್ಲಿ ಸರಿಮಾಡಿದೆ ಅನ್ನಿಸಿತು. ಆ ಹಾಳೆಯನ್ನು ನೋಡಿ ಮೇಲಿನವರು, "ಕೃಷ್ಣಪ್ಪ, ಇದು ಲಿಂಕ್ ಅಂದ್ರೆ" ಎಂದರು. ನಾನು ಉಬ್ಬಿಹೋದೆ. ನನ್ನ ಸರ್ವೀಸಿನ ಅತ್ಯುತ್ತಮ ಕೆಲಸ ಅದೇ ಎಂದು ಮನೆಯಲ್ಲೂ ಹೇಳಿಕೊಂಡೆ.

ಹಾಳೆಯನ್ನು ಬೋರ್ಡಿಗೆ ಅಂಟಿಸಿದ ದಿನ ಚೌಡಪ್ಪ ಬಹಳ ಹೊತ್ತು ಅದರ ಮುಂದೆ ನಿಂತಿದ್ದ. ಆಮೇಲೆ ನನ್ನ ಮೇಜಿನ ಹತ್ತಿರ ಬಂದ. ಡ್ಯೂಟಿಗೆ ಹಾಜರಾಗಲು ಬಂದ ಇಬ್ಬರು ಡ್ರೈವರ್‌ಗಳೂ ಪಕ್ಕದಲ್ಲಿದ್ದರು.

"ಕೃಷ್ಣಣ್ಣ, ಒಂದ್ ಮಾತು. ನನ್ ರೆಸ್ಟು ಭಾನುವಾರಕ್ಕೇ ನಿಲ್ಸಿಬಿಡು. ಹಬ್ಬ ಎಲ್ಲಾ ನಂಗೇ ಹಾಕು, ಮಾಡ್ತೀನಿ."

"ಯಾಕಪ್ಪ, ಭಾನುವಾರ ಅಂಥದ್ದೇನು?"

"ಮನೇಲಿ ಸ್ವಲ್ಪ ಕೆಲ್ಸ ಇರ್ತದೆ."

"ಯಾವ ಮನೇಲಿ?" ಎಂದೆ.

ಪಕ್ಕದಲ್ಲಿದ್ದ ಇಬ್ಬರೂ ಕಿಸಕ್ಕನೆ ನಕ್ಕರು. ಚೌಡಪ್ಪ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಟೋಪಿ ತೆಗೆದುಕೊಂಡು ಹೊರಗೆ ಹೋದ. ನನ್ನ ಬಾಯಿಂದ ಬಂದ ಮಾತುಗಳಲ್ಲಿ ವಾಪಸ್ ತೆಗೆದುಕೊಳ್ಳಲು ಒಂದಕ್ಕೆ ಅವಕಾಶವಿದ್ದರೆ ನಾನು ಇದನ್ನೇ ತೆಗೆದುಕೊಳ್ಳುತ್ತೇನೆ.

ಎರಡನೆಯ ಸಲ ಅವನು ಬರವಣಿಗೆಯಲ್ಲಿ ಅರ್ಜಿ ಕೊಟ್ಟ. ಕಾರಣ ಎನ್ನುವ ಜಾಗದಲ್ಲಿ 'ಕೌಟುಂಬಿಕ' ಎಂದಷ್ಟೇ ಇತ್ತು. ನಾನು ಅದರ ಮೇಲೆ 'ಎಲ್ಲರಿಗೂ ಒಂದೇ ನಿಯಮ' ಎಂದು ಬರೆದು ಫೈಲಿಗೆ ಹಾಕಿದೆ. ಮೂರನೆಯ ಸಲ ವೇಮಗಲ್ಲಿಗೆ, ನನ್ನ ಮನೆಗೇ ಬಂದ. ಹೆಂಡತಿ ಕಾಫಿ ಕೊಟ್ಟಳು. ಅವನು ಲೋಟ ಹಿಡಿದುಕೊಂಡೇ ಕೂತಿದ್ದ.

"ಅಣ್ಣಾ, ನಾ ನಿನ್ ಹತ್ರ ಬೇರೇನೂ ಕೇಳಿದವನಲ್ಲ. ಅಲ್ಲಿ ಭಾನುವಾರ ಬಿಟ್ರೆ ಬೇರೆ ದಿನ ಒಳಕ್ಕೆ ಬಿಡಲ್ಲ."

"ಎಲ್ಲಿ?"

ಅವನು ನನ್ನ ಹೆಂಡತಿಯ ಕಡೆ ನೋಡಿದ. ಆಮೇಲೆ ಕಾಫಿ ಲೋಟದ ಕಡೆ ನೋಡಿದ. "ಹೋಗ್ಲಿ ಬಿಡು" ಎಂದು ಎದ್ದ. ಅವನು ಹೋದ ಮೇಲೆ ನನ್ನ ಹೆಂಡತಿ, "ಆ ಮನುಷ್ಯನ ಮುಖ ನೋಡಿದ್ರಾ? ಮಜಾ ಮಾಡೋಕೆ ಹೋಗೋರ ಮುಖ ಅಲ್ಲ ಕಣ್ರೀ ಅದು" ಎಂದಳು. "ಲಾಬಿ ವಿಷ್ಯ ನಿಂಗೇನ್ ಗೊತ್ತು, ಸುಮ್ನಿರು" ಎಂದೆ.

ಹೊಸ ಲಿಂಕ್ ಶುರುವಾಯಿತು. ಹಾಳೆಯಲ್ಲಿ ಏಳು ವಾರಕ್ಕೊಂದು ಭಾನುವಾರ ಇತ್ತು ನಿಜ. ಆದರೆ ಯಾರೋ ಸಿಕ್ ಆದರು, ಯಾರನ್ನೋ ಟ್ರೈನಿಂಗಿಗೆ ಕಳಿಸಿದರು, ಏಳು ಜನ ಇರಬೇಕಾದಲ್ಲಿ ಐದೇ ಜನ ಉಳಿದರು. ಚೌಡಪ್ಪನ ಸರದಿಯ ಮೊದಲ ಭಾನುವಾರ ಅವನನ್ನೇ ಡ್ಯೂಟಿಗೆ ಕರೆದೆ. ಎರಡನೆಯದಕ್ಕೂ ಕರೆದೆ. ಬೇರೆ ಯಾರೂ ಇರಲಿಲ್ಲ. ಅವನು ಬಂದ, ಮಿಷನ್ನಿಗೆ ಊದಿ ಕುಡಿದಿಲ್ಲವೆಂದು ತೋರಿಸಿ, ಸಹಿ ಹಾಕಿ ಎಂಜಿನ್ ಹತ್ತಿದ. ರೆಸ್ಟನ್ನು ನಾನು ಮಂಗಳವಾರಕ್ಕೋ ಶುಕ್ರವಾರಕ್ಕೋ ಹಾಕಿ ಗಂಟೆ ಸರಿದೂಗಿಸಿದೆ. ರೆಸ್ಟ್ ಕಡಿಮೆ ಬಿದ್ದರೆ ಕಂಪ್ಯೂಟರ್ ಕೆಂಪು ತೋರಿಸುತ್ತದೆ, ತೋರಿಸಲಿಲ್ಲ. ಕಂಪ್ಯೂಟರ್ ಕೆಂಪು ತೋರಿಸದಿದ್ದರೆ ಎಲ್ಲವೂ ಸರಿಯಿದೆ ಎಂದು ನಾವು ನಂಬಿದ್ದೆವು.

ಎಂಟು ತಿಂಗಳು ಹೀಗೆ ನಡೆಯಿತು, ಅವನಿಗೆ ಒಂದು ಭಾನುವಾರವೂ ಸಿಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಮಾಲೂರಿನ ದಾರಿಯ ಒಂದು ಸ್ಟೇಷನ್ನಿನಲ್ಲಿ ಚೌಡಪ್ಪ ಕೆಂಪು ಸಿಗ್ನಲ್ ದಾಟಿದ. ಅವನ ಗಾಡಿ ಬೇರೆ ಗಾಡಿಗೆ ದಾರಿ ಬಿಟ್ಟು ಬದಿಯ ಲೂಪ್ ಲೈನಿನಲ್ಲಿ ನಿಂತಿತ್ತು. ಪಕ್ಕದ ಮೇನ್ ಲೈನಿನಲ್ಲಿ ಬೇರೆ ಗಾಡಿಗೆ ಹಸಿರು ಬಿತ್ತು. ಅದನ್ನು ತನ್ನದು ಎಂದುಕೊಂಡು ಗಾಡಿ ಬಿಟ್ಟ. ಅಸಿಸ್ಟೆಂಟ್ ಕೂಗಿಕೊಂಡ ಮೇಲೆ ಬ್ರೇಕ್ ಹಾಕಿದ. ಅಷ್ಟರಲ್ಲಿ ಎಂಜಿನ್ ಸಿಗ್ನಲ್ಲಿನಾಚೆ ಒಂದು ಬೋಗಿಯ ಉದ್ದ ಹೋಗಿ ನಿಂತಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ನಮ್ಮ ವೃತ್ತಿಯಲ್ಲಿ ಕೆಂಪು ದಾಟುವುದೆಂದರೆ ಅಲ್ಲಿಗೆ ಮುಗಿದ ಹಾಗೆ. ಅಲ್ಲೇ ಎಂಜಿನ್ನಿನಿಂದ ಇಳಿಸುತ್ತಾರೆ, ಗಾಡಿಯನ್ನು ಇನ್ನೊಬ್ಬ ಬಂದು ತೆಗೆದುಕೊಂಡು ಹೋಗುತ್ತಾನೆ. ಇಪ್ಪತ್ತಾರು ವರ್ಷ ಒಂದು ಮೆಮೋ ಇಲ್ಲದೆ ಓಡಿಸಿದ ಮನುಷ್ಯ ಪ್ಲಾಟ್‌ಫಾರಮ್ಮಿನ ಸಿಮೆಂಟ್ ಬೆಂಚಿನ ಮೇಲೆ ಬ್ಯಾಗ್ ಇಟ್ಟುಕೊಂಡು ಕೂತಿದ್ದನಂತೆ.

ವಿಚಾರಣೆಗೆ ನನ್ನನ್ನೂ ಕರೆದರು, ಡ್ರೈವರಿಗೆ ಸಾಕಷ್ಟು ರೆಸ್ಟ್ ಕೊಟ್ಟಿದ್ದೆ ಎಂದು ತೋರಿಸಲು. ನಾನು ಲಿಂಕಿನ ಹಾಳೆ, ಕಂಪ್ಯೂಟರಿನ ಪ್ರಿಂಟ್ ಎರಡನ್ನೂ ಒಯ್ದೆ. ಹಿಂದಿನ ಮಂಗಳವಾರ ಮೂವತ್ತೆರಡು ಗಂಟೆ ರೆಸ್ಟ್, ಬೇಕಾದ್ದಕ್ಕಿಂತ ಎರಡು ಗಂಟೆ ಹೆಚ್ಚೇ. ಅಧಿಕಾರಿ ಚೌಡಪ್ಪನನ್ನು ಕೇಳಿದರು, "ಆ ಹೊತ್ತಲ್ಲಿ ಏನು ಯೋಚನೆ ಮಾಡ್ತಿದ್ರಿ?" ಅವನು "ಏನೂ ಇಲ್ಲ ಸಾರ್" ಎಂದ. "ಮನೇಲಿ ತೊಂದರೆ ಏನಾದ್ರೂ?" "ಇಲ್ಲ ಸಾರ್." ಅಧಿಕಾರಿ ನನ್ನ ಪ್ರಿಂಟಿನ ಮೇಲೆ ಟಿಕ್ ಹಾಕಿದರು. ರೆಸ್ಟ್ ಸಾಕಷ್ಟಿತ್ತು, ತಪ್ಪು ಡ್ರೈವರಿನದು ಎಂದು ಬರೆಯಲು ಅಷ್ಟು ಸಾಕಾಯಿತು.

ಆ ವಾರವೇ ಲಾಬಿಗೆ ಒಬ್ಬಳು ಹೆಣ್ಣುಮಗಳು ಬಂದಳು. ಮೂವತ್ತರ ಆಸುಪಾಸು. ತಾನು ಸುಧಾ, ಚೌಡಪ್ಪನ ಮಗಳು, ಶ್ರೀನಿವಾಸಪುರದಲ್ಲಿ ಟೀಚರ್ ಎಂದಳು. ಕೂರಿ ಎಂದರೂ ಕೂರಲಿಲ್ಲ.

"ಲಿಂಕ್ ಬರೆಯೋರು ನೀವೇನಾ?"

"ಹೌದಮ್ಮ."

"ನಮ್ಮಪ್ಪ ಮಂಗಳವಾರ ರೆಸ್ಟಲ್ಲಿ ಎಲ್ಲಿದ್ರು ಗೊತ್ತಾ ಸಾರ್ ನಿಮ್ಗೆ? ಮುಳಬಾಗಿಲ ಹತ್ರ ಒಂದು ಆಶ್ರಮದ ಗೇಟಲ್ಲಿ ನಿಂತಿದ್ರು. ಒಳಗೆ ನಮ್ಮಮ್ಮ ಇದಾಳೆ. ತಲೆ ಸರಿ ಇಲ್ಲ ಅವಳಿಗೆ. ಹತ್ತೊಂಬತ್ತು ವರ್ಷ ಆಯ್ತು."

ನಾನು ಕುರ್ಚಿಯಿಂದ ಎದ್ದು ನಿಂತೆ. ಅವಳೇ ಮುಂದುವರಿಸಿದಳು. ಅಲ್ಲಿ ಮನೆಯವರನ್ನು ಒಳಗೆ ಬಿಡುವುದು ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಮಾತ್ರ. ಬೇರೆ ದಿನ ಬಿಟ್ಟರೆ ಒಳಗಿರುವವರು ಕಂಗೆಡುತ್ತಾರೆ ಎಂದು ಅವರ ನಿಯಮ. ರತ್ನಮ್ಮನಿಗೆ, ಅಂದರೆ ಅವಳ ತಾಯಿಗೆ, ಬೇರೆ ಯಾವುದೂ ನೆನಪಿನಲ್ಲಿ ಉಳಿಯದಿದ್ದರೂ ಭಾನುವಾರ ಉಳಿದಿತ್ತು. ಅವತ್ತು ತಾನೇ ಸ್ನಾನ ಮಾಡಿ, ತಲೆ ಬಾಚಿ, ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕೂರುತ್ತಿದ್ದಳು. ಹೊಸ ಲಿಂಕ್ ಬರುವ ತನಕ ಅಷ್ಟು ವರ್ಷದಲ್ಲಿ ಚೌಡಪ್ಪ ಆ ಜಾಗವನ್ನು ಖಾಲಿ ಬಿಟ್ಟಿದ್ದು ಬೆರಳೆಣಿಕೆಯ ಸಲ.

"ಭಾನುವಾರ ಡ್ಯೂಟಿ ಬಿದ್ದ ಮೇಲೆ ಅಪ್ಪ ರೆಸ್ಟ್ ಇದ್ದ ದಿನ ಹೋಗಿ, ಗೇಟಲ್ಲಿ ಡಬ್ಬಿ ಕೊಟ್ಟು, ಒಳಗೆ ಕೊಡಿ ಅಂತ ಕೇಳ್ಕೊಳ್ತಿದ್ರು. ಆ ಮಂಗಳವಾರ ಅಮ್ಮ ಡಬ್ಬೀನ ವಾಪಸ್ ಕಳ್ಸಿದ್ಳಂತೆ. ಇವತ್ತು ಮಂಗಳವಾರ, ನಮ್ಮೆಜಮಾನ್ರು ಬರೋದು ಭಾನುವಾರ, ಇದು ಯಾರದ್ದೋ ಡಬ್ಬಿ ಅಂತ. ಅಪ್ಪ ಅದನ್ನ ಹಾಗೇ ಮನೆಗೆ ತಂದಿಟ್ರು."

"ನಂಗೆ ಒಂದು ಮಾತು ಹೇಳಬಾರದಿತ್ತೇನಮ್ಮ ಅವನು?"

"ಹೇಗೆ ಹೇಳ್ತಾರೆ ಸಾರ್? ನಮ್ಮತ್ತೆ ಮನೇಲಿ ಅಮ್ಮ ತೀರ್ಕೊಂಡಿದಾಳೆ ಅಂತ ಹೇಳಿ ನನ್ನ ಮದುವೆ ಮಾಡಿದಾರೆ. ಹುಚ್ಚಿ ಮಗಳು ಅಂದ್ರೆ ಯಾರು ತಗೊಳ್ತಿದ್ರು? ನಾನೂ ಭಾನುವಾರ ಮನೆ ಬಿಟ್ಟು ಹೋಗೋ ಹಾಗಿಲ್ಲ. ನೀವು ಇಲ್ಲಿ ಎಲ್ರ ಮುಂದೆ ಯಾವ ಮನೆ ಅಂತ ಕೇಳಿದ್ರಂತೆ. ಅವತ್ತು ಬಂದು ನಮ್ಮಪ್ಪ ಅತ್ತಿದ್ದು ನಾನು ನೋಡಿದೀನಿ."

ಅವಳು ಹೋದ ಮೇಲೆ ನಾನು ಒಂದು ಕಾಗದ ಬರೆದೆ. ಈ ಡ್ರೈವರ್ ಮೂರು ಸಲ ಕೇಳಿದ್ದ, ನಾನು ನಿರಾಕರಿಸಿದೆ, ಗಂಟೆಯ ಲೆಕ್ಕದಲ್ಲಿ ರೆಸ್ಟ್ ಇತ್ತೇ ಹೊರತು ಮನಸ್ಸಿಗೆ ಇರಲಿಲ್ಲ, ಇದನ್ನೂ ಪರಿಗಣಿಸಬೇಕು ಎಂದು ಬರೆದು ಅಧಿಕಾರಿಯ ಮುಂದಿಟ್ಟೆ. ಅವರು ಓದಿ, ಕೆಟ್ಟ ಮನುಷ್ಯರೇನಲ್ಲ, "ಕೃಷ್ಣಪ್ಪ, ಇನ್ನೆರಡು ತಿಂಗಳಿಗೆ ನೀವು ರಿಟೈರ್. ಈಗ ಇದನ್ನ ಫೈಲಿಗೆ ಹಾಕಿದ್ರೆ ನಿಮ್ಮನ್ನೂ ಎಳೀತಾರೆ. ಯೋಚನೆ ಮಾಡಿ" ಎಂದರು. ನಾನು ಯೋಚನೆ ಮಾಡಿದೆ. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಂದೆ. ನನ್ನ ಸರ್ವೀಸಿನಲ್ಲಿ ನಾನು ಮಾಡಿದ ಹೇಡಿ ಕೆಲಸ ಅದು. ಹೊಸಬರಿಗೆ ಬುದ್ಧಿ ಹೇಳಲು ಕೂತವನು ಇದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಬರೆದು ಏನು ಬಂತು?

ಚೌಡಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ. ಎಂಜಿನ್ನಿನಿಂದ ಶಾಶ್ವತವಾಗಿ ಇಳಿಸಿ, ಸ್ಟೋರ್ಸಿನಲ್ಲಿ ಬೋಲ್ಟು ನಟ್ಟು ಎಣಿಸುವ ಕೆಲಸಕ್ಕೆ ಹಾಕಿದರು. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರು. ಭಾನುವಾರ ರಜೆ. ಮೂರು ಸಲ ಕೈಮುಗಿದರೂ ನಾನು ಕೊಡದಿದ್ದನ್ನು ಶಿಕ್ಷೆ ಕೊಟ್ಟಿತು.

ನಾನು ರಿಟೈರ್ ಆದ ಮೇಲೆ ಸ್ಟೋರ್ಸಿಗೆ ಹೋಗಿ ಅವನ ಮುಂದೆ ನಿಂತೆ. "ತಪ್ಪಾಯ್ತು ಕಣೋ ಚೌಡಪ್ಪ" ಎಂದೆ. ಅವನು ಸ್ಟೂಲ್ ಒರೆಸಿ ಕೂರಿಸಿದ. "ನಿಂಗೆ ಗೊತ್ತಿರ್ಲಿಲ್ಲ ಅಣ್ಣಾ. ನಾ ಹೇಳ್ಲಿಲ್ಲ, ನೀ ಕೇಳ್ಲಿಲ್ಲ" ಎಂದ. ಎಣಿಸುತ್ತಿದ್ದ ಬೋಲ್ಟುಗಳನ್ನು ಪಕ್ಕಕ್ಕಿಟ್ಟು, "ಬರೋ ಭಾನುವಾರ ಬರ್ತೀಯಾ ನನ್ ಜೊತೆ? ಒಬ್ನೇ ಹೋಗೋಕೆ ಈಚೆಗೆ ಕಷ್ಟ ಆಗ್ತದೆ" ಎಂದ. ಯಾಕೆ ಕಷ್ಟ ಎಂದು ಬಸ್ಸಿನಲ್ಲೂ ಹೇಳಲಿಲ್ಲ.

ಆಶ್ರಮ ಮುಳಬಾಗಿಲಿಗೆ ಸ್ವಲ್ಪ ಮೊದಲು, ಹೈವೇಯಿಂದ ಒಳಗೆ, ಹಿಪ್ಪುನೇರಳೆ ತೋಟಗಳ ನಡುವೆ ಇದೆ. ಬೇವಿನ ಮರದ ಕೆಳಗೆ ರತ್ನಮ್ಮ ಕೂತಿದ್ದರು. ತೆಳ್ಳಗಿನ ಹೆಂಗಸು, ತಲೆಯನ್ನು ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ್ದರು. ಪಕ್ಕದಲ್ಲಿ ಜಾಗ ಇತ್ತು. ಚೌಡಪ್ಪ ಆ ಜಾಗದಲ್ಲಿ ಕೂರಲಿಲ್ಲ. ಬೆಂಚಿನ ಆ ತುದಿಯಲ್ಲಿ, ನಡುವೆ ಒಬ್ಬರು ಕೂರುವಷ್ಟು ಬಿಟ್ಟು ಕೂತ.

"ಬಂದ್ರಾ?" ಎಂದರು ರತ್ನಮ್ಮ, ಅವನಿಗೆ. "ಇವತ್ತೂ ಅವ್ರಿಗೆ ಡ್ಯೂಟಿನಾ?"

"ಹೂಂನಮ್ಮ, ಡ್ಯೂಟಿ. ಡಬ್ಬಿ ಕಳ್ಸಿದಾರೆ. ಹೂವೂ ಇದೆ."

ನಾನು ಚೌಡಪ್ಪನ ಮುಖ ನೋಡಿದೆ. ಅವನು ಡಬ್ಬಿಯ ಮುಚ್ಚಳ ತೆಗೆಯುತ್ತಾ, ನನಗೆ ಮಾತ್ರ ಕೇಳುವ ಹಾಗೆ ಹೇಳಿದ. "ಎಂಟು ತಿಂಗಳು ಬರ್ಲಿಲ್ವಲ್ಲ ಅಣ್ಣಾ. ಆಮೇಲೆ ಬಂದಾಗ ನನ್ನ ಯಾರು ಅಂದ್ಳು. ನಾನೇ ಕಣೇ ಅಂದ್ರೆ ಕೂಗಾಡಿದ್ಳು. ಅವ್ರ ಜೊತೆ ಕೆಲ್ಸ ಮಾಡೋನು ಅಂದೆ, ಸುಮ್ನಾದ್ಳು. ಅವತ್ತಿಂದ ಹಂಗೇ ನಡೀತಿದೆ. ಅವ್ರು ಕಳ್ಸಿದ್ದು ಅಂದ್ರೆ ಊಟ ಮಾಡ್ತಾಳೆ."

ರತ್ನಮ್ಮ ಚಿತ್ರಾನ್ನವನ್ನು ನಿಧಾನವಾಗಿ ಉಂಡರು. ಕೈ ತೊಳೆದುಕೊಂಡು ಬಂದು ನನ್ನನ್ನು ನೋಡಿದರು. "ನೀವೂ ರೈಲ್ವೇನಾ ಸ್ವಾಮಿ?"

"ಹೌದಮ್ಮ. ಆಫೀಸಲ್ಲಿದ್ದೆ."

"ಆಫೀಸಲ್ಲಾ?" ಅವರ ಮುಖ ಬೆಳಗಿತು. ಎದ್ದು ನಿಂತು ಕೈಮುಗಿದರು. "ಹಂಗಾದ್ರೆ ಅಲ್ಲಿ ಹೇಳಿ ನಮ್ಮೆಜಮಾನ್ರಿಗೆ ಒಂದ್ ಭಾನುವಾರ ಕೊಡ್ಸಿ. ಅವ್ರು ಬಾಯ್ಬಿಟ್ಟು ಕೇಳೋರಲ್ಲ. ಡ್ಯೂಟಿ ಬರೆಯೋನಿಗೆ ಹೆಂಡ್ರು ಮಕ್ಳು ಇಲ್ವೇನೋ ಪಾಪ, ಅವ್ನಿಗೆ ತಿಳಿಯಲ್ಲ. ಒಂದೇ ಒಂದು ಭಾನುವಾರ ಸಾಕು ಸ್ವಾಮಿ."

ಯೋಚನೆ ಮಾಡಬೇಕಿತ್ತು, ಮಾಡಲಿಲ್ಲ. "ಕೊಡಿಸ್ತೀನಮ್ಮ" ಎಂದೆ.

"ಯಾವತ್ತು?"

"ಬರೋ ಭಾನುವಾರವೇ."

ಅವರು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಚೌಡಪ್ಪ ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದ. ವಾಪಸ್ ಬರುವಾಗ ಬಸ್ಸಿನಲ್ಲಿ, ಒಂದು ಒಳ್ಳೆಯ ಮಾತು ಹೇಳಿದೆನಲ್ಲ ಎಂದು ನನಗೆ ಸ್ವಲ್ಪ ಹಗುರವೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಭಾನುವಾರ ಮಧ್ಯಾಹ್ನ ಚೌಡಪ್ಪನ ಫೋನ್ ಬಂತು. ಹಿಂದೆ ಲಾರಿಗಳ ಸದ್ದು, ಹೈವೇಯಲ್ಲಿ ಬಸ್ಸಿಗೆ ಕಾಯುತ್ತಿದ್ದನೆಂದು ಕಾಣುತ್ತದೆ.

"ಅಣ್ಣಾ, ಇವತ್ತು ಅವಳು ನನ್ನ ಬೆಂಚಲ್ಲಿ ಕೂರೋಕೆ ಬಿಡ್ಲಿಲ್ಲ. ಬೆಳಿಗ್ಗೆ ಐದಕ್ಕೇ ಎದ್ದು ರೆಡಿ ಆಗಿದ್ಳಂತೆ. ನೀವು ಹೋಗಿ, ಇವತ್ತು ನಮ್ಮೆಜಮಾನ್ರೇ ಬರ್ತಾರೆ, ಆಫೀಸಿನೋರು ಮಾತು ಕೊಟ್ಟವ್ರೆ ಅಂದ್ಳು. ಡಬ್ಬೀನೂ ಮುಟ್ಲಿಲ್ಲ, ಅವ್ರ ಜೊತೆ ಉಣ್ತೀನಿ ಅಂದ್ಳು."

"ನೀನೇನ್ ಮಾಡ್ದೆ ಮತ್ತೆ?"

"ಏನ್ ಮಾಡ್ಲಿ. ಗೇಟಿನಿಂದ ಈಚೆಗೆ ಬಂದು ನಿಂತ್ಕೊಂಡೆ. ಹನ್ನೆರಡರ ತನಕ ಅವಳೂ ದಾರಿ ನೋಡ್ತಾ ಕೂತಿದ್ಳು, ನಾನೂ ಅವಳನ್ನ ನೋಡ್ತಾ ನಿಂತಿದ್ದೆ."